ಎಲ್ಲರಿಗೂ ಸೊನ್ನೆ, ಒಬ್ಬನಿಗೆ ನೂರು

ಮೊದಲು ಗುಣಿಸಿ ಆಮೇಲೆ ಭಾಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ವಿನೀತ್ ಮೊದಲು ಭಾಗಿಸಿದ.

ಕಾಪುವಿನ ಬಳಿಯ ಒಂದು ಕಾಲೇಜಿನಲ್ಲಿ ಅವನು ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಕ್ಕಳ ಹಾಜರಿ ಲೆಕ್ಕ ಹಾಕಿ ಹೆತ್ತವರ ಫೋನಿಗೆ ಕಳಿಸುವ ಪ್ರೋಗ್ರಾಂ ಬರೆದುಕೊಟ್ಟರೆ ಕಾಯಂ ಮಾಡೋಣ ಎಂದಿದ್ದರು ಪ್ರಿನ್ಸಿಪಾಲ್ ಹೆರಾಲ್ಡ್. ಅಂದಿನಿಂದ ವಿನೀತ್ ತರಗತಿಯಲ್ಲಿ ಹಾಜರಿ ಕರೆಯುವಾಗಲೂ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿರಲಿಲ್ಲ.

ಇಂದು ಬೆಳಿಗ್ಗೆ ಸಂದೇಶಗಳು ಹೋದವು. ಅವನ ಚಹಾ ಮುಗಿಯುವ ಮೊದಲೇ ಫೋನು ಕಾದ ಕಾವಲಿಯ ಮೇಲಿನ ನೀರಹನಿಯಂತೆ ಕುಣಿಯತೊಡಗಿತು. ಮನೆಮನೆಗೂ ಒಂದೇ ಸುದ್ದಿ: ನಿಮ್ಮ ಮಗುವಿನ ಹಾಜರಿ ಶೇಕಡಾ ಸೊನ್ನೆ.

ಮೀನು ಮಾರುವ ಶರ್ಮಿಳಾ ಮಗ ಲಕ್ಷಿತ್‌ನ ರಟ್ಟೆ ಹಿಡಿದು ಆಫೀಸಿಗೇ ಬಂದರು.

"ದಿನಾ ಬುತ್ತಿ ಕಟ್ಟಿ ಕೊಡುವವಳು ನಾನು. ಇವ ಇಲ್ಲಿಗೆ ಬರುವುದೇ ಇಲ್ಲ ಅಂತಾದರೆ ಆ ಬುತ್ತಿ ತಿನ್ನುವುದು ಯಾರು ಸರ್?"

ಅವರ ಹಿಂದೆ ಇನ್ನಷ್ಟು ತಾಯಂದಿರು, ಇನ್ನಷ್ಟು ರಟ್ಟೆಗಳು. ಪ್ರಿನ್ಸಿಪಾಲರು ಬೆಳಗಿನ ಪಟ್ಟಿ ತರಿಸಿಕೊಂಡರು. ಪಕ್ಕದ ಮೇಜಿನ ಮನೋರಮಾ ಮೇಡಂ ವಿನೀತ್‌ನ ಲ್ಯಾಪ್‌ಟಾಪಿನ ಪರದೆಗೆ ಇಣುಕಿದರು. "ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಎಂತ ಆಗ್ತದೆ ಅಂತ ಮೊನ್ನೆ ಬೋರ್ಡಿನಲ್ಲಿ ಬರೆದದ್ದು ನೀವೇ ಅಲ್ವಾ ಮಾರಾಯ್ರೆ?"

ವಿನೀತ್ ಆ ಸಾಲಿಗೆ ಬೆರಳಿಟ್ಟ. ಸಿ ಭಾಷೆಯಲ್ಲಿ ಅಂಥ ಭಾಗಾಕಾರದ ಉತ್ತರವೂ ಪೂರ್ಣಾಂಕವೇ. ಉಳಿದ ಚೂರನ್ನು ಅದು ಬಿಸಾಡುತ್ತದೆ. ಐವತ್ತು ತರಗತಿಗಳಲ್ಲಿ ನಲವತ್ತಕ್ಕೆ ಬಂದವನದು ಒಂದು ಪೂರ್ತಿ ಆಗದು, ಹಾಗಾಗಿ ಸೊನ್ನೆ. ಸೊನ್ನೆಯನ್ನು ಆಮೇಲೆ ನೂರರಿಂದ ಗುಣಿಸಿದರೂ ಸೊನ್ನೆಯೇ.

ಮೊದಲು ಗುಣಿಸುವಂತೆ ತಿದ್ದಿದ. ಲಕ್ಷಿತ್‌ಗೆ ಎಂಬತ್ತು ಬಂತು. ಶರ್ಮಿಳಾ ರಟ್ಟೆ ಬಿಟ್ಟರು. ಒಂದು ಕ್ಷಣ ಯೋಚಿಸಿ ಮತ್ತೆ ಹಿಡಿದರು.

"ಉಳಿದ ಇಪ್ಪತ್ತಕ್ಕೆ ಎಲ್ಲಿಗೆ ಹೋಗಿದ್ದಿ?"

ಆಗ ಪ್ರಿನ್ಸಿಪಾಲರ ಬೆರಳು ಬೆಳಗಿನ ಪಟ್ಟಿಯ ಒಂದು ಹೆಸರಿನ ಮೇಲೆ ನಿಂತಿತು. ಕಾರ್ಕಳದ ಶ್ರವಣ್. ಅವನೊಬ್ಬನಿಗೆ ಆಗಲೂ ನೂರು, ಈಗಲೂ ನೂರು.

"ಒಂದು ತರಗತಿಯನ್ನೂ ತಪ್ಪಿಸದವನು ಸರ್," ಎಂದ ವಿನೀತ್, ಉಸಿರು ಮರಳಿ ಬಂದವನಂತೆ. "ಐವತ್ತರಲ್ಲಿ ಐವತ್ತು. ಹೇಗೆ ಭಾಗಿಸಿದರೂ ಒಂದು ಪೂರ್ತಿ."

ಇಂಥ ಹುಡುಗನೂ ನಮ್ಮಲ್ಲಿ ಇದ್ದಾನಲ್ಲ ಎಂದು ಪ್ರಿನ್ಸಿಪಾಲರು ಕರಗಿಹೋದರು. ವಿನೀತ್‌ನ ಕಾಯಂ ಆದೇಶವನ್ನು ಎದುರಿಗೆಳೆದು ಪೆನ್ನು ತೆರೆದರು.

ಬಾಗಿಲಲ್ಲಿ ಒಬ್ಬರು ಏದುಸಿರು ಬಿಡುತ್ತ ನಿಂತಿದ್ದರು. ಶ್ರವಣ್‌ನ ತಂದೆ ಜಿತೇಂದ್ರ. ಪ್ರಿನ್ಸಿಪಾಲರು ಎದ್ದು ಹೋಗಿ ಅವರ ಕೈ ಕುಲುಕಿದರು.

"ಸರ್, ಶ್ರವಣ್ ಮಳೆಗಾಲದಲ್ಲೇ ಕಾಲೇಜು ಬಿಟ್ಟಿದ್ದಾನೆ. ಟೀಸಿ ತೆಗೆದುಕೊಂಡು ಹೋಗುವುದು ಮಾತ್ರ ಬಾಕಿ. ಅವ ಮುಂಬೈಯಲ್ಲಿ ಮಾವನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದಾನೆ. ಇಲ್ಲಿ ದಿನಾ ಬರುವವ ಯಾರು?"

ನಂಬಲಾಗದೆ ಪ್ರಿನ್ಸಿಪಾಲರು ಆ ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು.

"ಶ್ರವಣ್."

"ಎಸ್ ಸರ್," ಎಂದವು ಮೂರು ಗಂಟಲುಗಳು, ಅಭ್ಯಾಸಬಲದಿಂದ. ಅವುಗಳಲ್ಲಿ ಒಂದರ ರಟ್ಟೆ ಶರ್ಮಿಳಾ ಅವರ ಕೈಯಲ್ಲಿತ್ತು.

ಪ್ರಿನ್ಸಿಪಾಲರು ವಿನೀತ್‌ನ ಮುಖ ನೋಡುತ್ತಲೇ ಪೆನ್ನಿನ ಮುಚ್ಚಳ ಹಾಕಿದರು.