ಡಾಕ್ಟರ ಉಸಿರಿನ ಪಾಠ

ದವಾಖಾನೆಯಲ್ಲಿ ಚಾಕರಿ ಮಾಡೋನಿಗೆ ನಗುವಿಗೆ ಬರಗಾಲ ಅಂತ ಇಲ್ಲ. ನಗಬಾರದ ಹೊತ್ತಲ್ಲೇ ಬಂದು ಕೂರುತ್ತೆ. ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ, ಅಲ್ಲಿ ನಾನು ಕಾಂಪೌಂಡರ್. ಆಗ ನನ್ನ ಹೆಂಡತಿ ತುಂಬಿದ ಬಸುರಿ. ಮೊದಲ ಕೂಸು ಬಾಣಂತಿ ಕೋಣೆಯಲ್ಲೇ ಹೋಗಿಬಿಟ್ಟಿತ್ತು. ಇದಾದರೂ ಉಳಿಯಲಪ್ಪಾ ಅಂತ ದಿನಾ ಕೈ ಮುಗೀತಿದ್ದೆ. ದೇವರು ಕೇಳಿಸಿಕೊಂಡ, ಆದರೆ ಹೆಂಗೆ ನಡೆಸಿಕೊಟ್ಟ ನೋಡಿ.

೧. ಎಳಕೊಂಡ ಉಸಿರು

ಕಲ್ಲು ಹೊಡೆಯೋ ಆಳೊಬ್ಬ ಕೆಮ್ಮು ಅಂತ ಬಂದ. ನಮ್ಮ ಡಾಕ್ಟರು ಮೈಸೂರು ಕಡೆಯವರು, ಬಂಗಾರದಂಥ ಮನುಷ್ಯ. ಎದೆಗೆ ಕೊಳವೆ ಇಟ್ಟು "ಉಸಿರು ಎಳಕೊಳ್ಳಪ್ಪ" ಅಂದರು. ಎಳಕೊಂಡ. ಅಷ್ಟರಲ್ಲಿ ಜವಾನ ಕರೆದನೆಂದು ಡಾಕ್ಟರು ಬಾಗಿಲಿಗೆ ಹೋಗಿ ಮಾತಿಗೆ ನಿಂತರು. ನಾನು ತಿರುಗಿ ನೋಡಿದರೆ ಇವನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿವೆ, ಮುಖ ಬದನೇಕಾಯಿ ಬಣ್ಣ. ಬೆನ್ನಿಗೊಂದು ಗುದ್ದಿದೆ, ಭುಸ್ ಅಂತ ಬಿಟ್ಟ.

"ಯಾಕೋ ಮಾರಾಯ, ಉಸಿರು ಬಿಡಬಾರದೇನೋ?"

"ಬಿಡು ಅಂತ ಅಪ್ಪಣೆ ಆಗಿರ್ಲಿಲ್ಲ ಬುದ್ದಿ."

೨. ಬೆನ್ನಿಗೆ ಬೆನ್ನು

ಈ ಜನಕ್ಕೆ ಉಸಿರಾಟ ಅಂದರೇನು ಅಂತ ತಿಳಿಸಲೇಬೇಕು ಅಂತ ಡಾಕ್ಟರು ಹಟ ಹಿಡಿದರು. ಬೇವಿನ ಮರದಡಿ ಊರವರನ್ನು ಕೂರಿಸಿ ಹೇಳಿದರು: "ಎದೆಯೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಚೀಲಗಳಿವೆ. ಅವುಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳ. ಅಲ್ಲೊಂದು ಸಂತೆ ನಡೆಯುತ್ತೆ. ರಕ್ತ ಪ್ರಾಣವಾಯು ತಗೊಂಡು, ತಾನು ಹೊತ್ತು ತಂದ ಕೆಟ್ಟ ಗಾಳಿ ಕೊಟ್ಟುಬಿಡುತ್ತೆ. ನಾವು ಹೊರಗೆ ಬಿಡೋದು ಅದನ್ನೇ." ಎಲ್ಲರೂ ತಲೆದೂಗಿದರು.

ಮಾರನೇ ದಿನ ಅದೇ ಮರದಡಿ ಇಬ್ಬರು ಗೌಡರು ಬೆನ್ನಿಗೆ ಬೆನ್ನು ಕೊಟ್ಟು ಕುಂತು ಮಾತಾಡುತ್ತಿದ್ದರು. ಏನ್ ಗೌಡ್ರೇ, ಜಗಳವೇನ್ರಿ ಅಂದೆ.

"ಜಗಳ ಎಲ್ಲೀದು? ಹೆಣ್ಣು ಕೊಟ್ಟು ತರೋ ಮಾತು ನಡದೈತೆ. ಅವರ ಕೆಟ್ಟ ಗಾಳಿ ನನಗ್ಯಾಕೆ, ನಂದು ಅವರಿಗ್ಯಾಕೆ?"

೩. ಬಾಣಂತಿ ಕೋಣೆ

ಬಾಣಂತನಕ್ಕೆ ನಮ್ಮತ್ತೆ ಜವನಗೊಂಡನಹಳ್ಳಿಯಿಂದ ಬಂದರು. ಹೆಣ್ಣು ಮಗು ಹುಟ್ಟಿತು. ಥಂಡಿ ತಾಗಬಾರದು ಅಂತ ಅತ್ತೆ ಗವಾಕ್ಷಿಗೆ ಹಳೇ ಸೀರೆ ತುರುಕಿ, ಬಾಗಿಲ ಸಂದಿಗೆ ಗೋಣಿ ಸಿಗಿಸಿ, ಒಳಗೆ ಇದ್ದಲ ಅಗ್ಗಿಷ್ಟಿಕೆ ಇಟ್ಟರು. ಬಾಣಂತಿ ಮನೇಲಿ ದೀಪ ಆರಿದರೆ ಕೂಸಿಗೆ ಕೇಡು ಅಂತ ಮೂಲೆಯಲ್ಲೊಂದು ದೀಪವನ್ನೂ ಹಚ್ಚಿಟ್ಟರು. ಒಂದು ಮಧ್ಯಾಹ್ನ ಒಳಗಿಂದ ಹೆಂಡತಿಯ ಕ್ಷೀಣ ದನಿ: "ತಲೆ ತಿರುಗ್ತೈತೆ ರೀ. ಕೂಸು ಹಾಲೂ ಕುಡೀತಿಲ್ಲ, ಅಳೋದೂ ಇಲ್ಲ."

ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಹೊಸ್ತಿಲಾಚೆ ನಿಂತು ಗಾಳಿಚೀಲ, ಪ್ರಾಣವಾಯು, ಕೆಂಡದ ವಿಷಗಾಳಿ ಎಲ್ಲ ವಿವರಿಸಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಾನು ಹೆತ್ತದ್ದೆಲ್ಲ ಹಿಂಗೇ. ಬಾಗ್ಲು ತೆಗೆಯಂಗಿಲ್ಲ. ಅಳಿಯಂದ್ರೇ, ನೀವು ಸುಮ್ನೆ ಕುಂತ್ಕಳ್ರಿ."

ಡಾಕ್ಟರಿಗೆ ಏನು ಹೊಳೆಯಿತೋ, ಪಡಸಾಲೆಯಲ್ಲಿ ಹಣತೆ ಹಚ್ಚಿಸಿ ಅದರ ಮೇಲೆ ತಂಬಿಗೆ ಬೋರಲು ಹಾಕಿದರು. ತುಸು ಹೊತ್ತಿಗೆ ಎತ್ತಿದರೆ ದೀಪ ಆರಿತ್ತು.

"ಬಾಣಂತಿ ಮನ್ಯಾಗೆ ದೀಪ ಆರಿಸಿದ್ರಾ?" ಅತ್ತೆ ಎದೆ ಎದೆ ಬಡಿದುಕೊಂಡರು.

"ನಾನು ಆರಿಸಲಿಲ್ಲ ತಾಯಿ. ಒಳಗಿನ ಒಳ್ಳೆ ಗಾಳಿ ತೀರಿತು, ತಾನೇ ಆರಿತು. ಕೋಣೆಯ ದೀಪಕ್ಕೂ ಇದೇ ಗತಿ."

ಅತ್ತೆ ಒಳಗೆ ಇಣುಕಿದರು. ದೀಪ ಮಂಕಾಗಿತ್ತು. ಮರುಗಳಿಗೆಯಲ್ಲಿ ಗೋಣಿ ಅಂಗಳಕ್ಕೆ, ಸೀರೆ ಬೀದಿಗೆ, ಅಗ್ಗಿಷ್ಟಿಕೆ ಹಿತ್ತಿಲಿಗೆ. ಗಾಳಿ ಆಡಿದ ಮೇಲೆ ಹೆಂಡತಿ ಎದ್ದು ಕುಂತಳು. ಕೂಸು ಕೇರಿಗೆಲ್ಲ ಕೇಳೋ ಹಂಗೆ ಕಿರುಚಿತು. ನಾನು ಅಳುತ್ತಾ ಡಾಕ್ಟರ ಕಾಲು ಹಿಡಕೊಂಡೆ. ಅವರ ಋಣ ಈ ಜನ್ಮದಲ್ಲಿ ತೀರೋದಲ್ಲ.

ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ತರಾಟೆಗೆ ತಗೊಂಡರು: "ಇಷ್ಟೊತ್ತು ಚೀಲ, ರಕ್ತ, ವಾಯು ಅಂತ ಪುರಾಣ ಹೇಳಿದ್ರಿ. ದೀಪ ಆರ್ತೈತೆ ಅಂತ ಮೊದ್ಲೇ ಒಂದು ಮಾತು ಅಂದಿದ್ರೆ ಗೋಡೇನೇ ಕೆಡವ್ತಿದ್ದೆ."