ಫ್ರೆಂಚ್ ಮೇಡಮ್ಮೋರು, ನನ್ನ ಪರೀಕ್ಷಾ ಫಾರ್ಮು

ನಾ ಸುಮ್ನ ಕುಂತ್ರೂ ಏನಾರ ಒಂದು ಆಗೇ ಆಗತದ, ಇದು ನಮ್ಮ ಓಣಿ ಮಂದಿಗೆಲ್ಲ ಗೊತ್ತು. ನಾ ಮಲಗಿದಾಗ ಮಾತ್ರ ರಾಯಚೂರು ಆರಾಮ ಇರತದ ಅಂತ ನಮ್ಮವ್ವ ಅಂತಿರತಾಳ. ಆದ್ರ ಈ ವರ್ಷ ಆಗಿದ್ದು ನಾ ಒಬ್ಬನೇ ಮಾಡಿದ್ದಲ್ಲ. ಅದ್ರಾಗ ಫ್ರಾನ್ಸ್ ದೇಶದ್ದೂ ಪಾಲು ಅದ.

ಹತ್ತನೇ ಕ್ಲಾಸಿನಾಗ ಗಣಿತ ನನ್ನ ಎರಡು ಸಲ ಕೆಡವಿತ್ತು. ಮೂರನೇ ಸಲ ಪರೀಕ್ಷೆ ಕಟ್ಟಬೇಕಂದ್ರ ಫಾರ್ಮಿಗೆ ಹೆಡ್ ಮಾಸ್ತರ ಸಹಿ ಬೇಕು. ಅವರು ಹಾಕವಲ್ರು. ಕಾರಣ ಸಣ್ಣದು. ಒಂದಿನ ನಾ ಶಾಲಿ ಮೈಕಿನಾಗ ಅವರಂಗೇ ದನಿ ತಗದು ಇವತ್ತು ಅರ್ಧ ದಿನ ರಜಾ ಅಂತ ಹೇಳಿದ್ದೆ. ಹುಡುಗರು ಮನಿಗೆ ಹೋದದ್ದಕ್ಕ ಅವರಿಗೆ ಅಷ್ಟು ಸಿಟ್ಟಿದ್ದಿಲ್ಲ, ಮಾಸ್ತರುಗಳೂ ಹೋಗಿಬಿಟ್ಟಿದ್ರು. ಅವ್ವ ಮೂರು ಸಲ ಶಾಲಿ ಗೇಟಿನ ತನಕ ಹೋಗಿ ಕೈ ಮುಗದು ಬಂದ್ಲು. ಸಹಿ ಇಲ್ಲಂದ್ರ ಹತ್ತನೇದಿಲ್ಲ, ಹತ್ತನೇದಿಲ್ಲಂದ್ರ ಐಟಿಐ ಇಲ್ಲ, ಐಟಿಐ ಇಲ್ಲಂದ್ರ ಚಂದ್ರಬಂಡದಾಗ ಮಾವನ ಕುರಿ ಹಿಂದ ನಾನು.

ಅಷ್ಟೊತ್ತಿಗೆ ನಮ್ಮ ಮ್ಯಾಲಿನ ಖೋಲಿಗೆ ಮೈಸೂರು ಕಡಿಂದ ಒಬ್ಬರು ಮೇಡಮ್ಮೋರು ಬಾಡಗಿಗೆ ಬಂದ್ರು. ಫ್ರೆಂಚ್ ಓದಿದೋರು. ಫ್ರಾನ್ಸಿನ ಪಂಡಿತರು ರೋಗದ ಬಗ್ಗೆ, ಡಾಕ್ಟರ ಬಗ್ಗೆ ಏನೇನು ಯೋಚನಿ ಮಾಡ್ಯಾರ, ಅಲ್ಲಿಯ ಕಾದಂಬರಿಯೋರು ಏನೇನು ಬರದಾರ, ಅದನ್ನೆಲ್ಲ ನಮ್ಮ ದವಾಖಾನಿ ಮಂದಿ ಮಾತಿನ ಬಾಜೂಕ ಇಟ್ಟು ನೋಡೋದು ಅವರ ಸಂಶೋಧನೆ. "ಡಾಕ್ಟರ್ ರೋಗ ನೋಡ್ತಾರೆ, ರೋಗಿ ಮಾತು ಕೇಳೋದಿಲ್ಲ. ನಾನು ಕೇಳೋಕೆ ಬಂದಿದ್ದೀನಿ," ಅಂದ್ರು. ಆದ್ರ ನಮ್ಮ ಮಂದಿ ಮಾತು ಅವರಿಗೆ ತಿಳಿವಲ್ದು, ಅವರ ಮಾತು ನಮ್ಮ ಮಂದಿಗೆ ತಿಳಿವಲ್ದು. ನಡುವ ಒಂದು ಬಾಯಿ ಬೇಕಿತ್ತು. ಬಾಯಿ ನಂದು ದೊಡ್ಡದದ. ಕೆಲಸ ಮುಗಿದ ಮ್ಯಾಲೆ ಹೆಡ್ ಮಾಸ್ತರ ಹತ್ರ ತಾವೇ ಮಾತಾಡಿ ಸಹಿ ಹಾಕಸ್ತೀನಿ ಅಂತ ಮಾತು ಕೊಟ್ರು.

೧. ಸೂಜಿ ಇಲ್ಲದ ಡಾಕ್ಟರು

ಮೊದಲು ಹೋಗಿದ್ದು ದೇವದುರ್ಗದ ಕಡಿ ಒಂದು ದವಾಖಾನಿಗೆ. ಬೇವಿನ ಗಿಡದ ಬುಡಕ ಎರಡು ಖುರ್ಚಿ ಹಾಕ್ಕೊಂಡು ಕುಂತ್ವಿ. ಒಬ್ಬ ಮುದುಕ ಮೊಣಕಾಲು ಹಿಡಕೊಂಡು ಬಂದ. ಈ ನೋವು ನಿಮ್ಮ ಬದುಕಿನಲ್ಲಿ ಏನಾಗಿದೆ ಅಂತ ಮೇಡಮ್ಮೋರು ಕೇಳಿದ್ರು. ನಾ ಅದನ್ನ "ಯಪ್ಪಾ, ಮೊಣಕಾಲಿಂದ ಏನೇನು ಕೆಟ್ಟೇದ ಹೇಳು" ಅಂತ ಮಾಡಿದೆ. ಮುದುಕ ಲಗ್ನದಿಂದ ಶುರು ಮಾಡಿದ. ಎತ್ತು, ತಮ್ಮ, ತಮ್ಮನ ಹೆಂಡತಿ, ಹೊಲದ ಬಾಂದು, ಎಲ್ಲ ಆಗಿ ಮೊಣಕಾಲಿಗೆ ಬರೋದ್ರಾಗ ಬಿಸಿಲು ನಮ್ಮ ಖುರ್ಚಿ ತನಕ ಬಂತು. ಮೇಡಮ್ಮೋರು ಒಂದೂ ಮಾತು ಕತ್ತರಿಸದಂಗ ಬರಕೊಂಡ್ರು. ಕಡೀಕ ಮುದುಕ ಅಂಗಿ ತೋಳು ಮ್ಯಾಲೇರಿಸಿ ರಟ್ಟಿ ಮುಂದ ಚಾಚಿದ.

ಮೇಡಮ್ಮೋರು ಅದನ್ನ ನೋಡಿ ಕೈ ಕುಲುಕಿದ್ರು.

"ಸೂಜಿ?" ಅಂದ ಮುದುಕ.

ಇವರು ಸೂಜಿ ಮಾಡಂಗಿಲ್ಲ, ಬರೇ ಕೇಳತಾರ ಅಂತ ನಾ ಹೇಳಿದೆ. ಇಷ್ಟು ಹೇಳಿಸಿಕೊಂಡು ಬರೇಗೈಲೆ ಕಳಸ್ತೀರೇನು ಅಂತ ಬೈಕೋತ ಹೋದ. ಆದ್ರ ಮರುದಿನ ಅದೇ ಮುದುಕ ಆರು ಮಂದೀನ ಕರಕೊಂಡು ಬಂದ. ಒಳಗಿನ ಡಾಕ್ಟರ ಮುಂದ ಒಂದು ಸಾಲು, ನಮ್ಮ ಗಿಡದ ಬುಡಕ ಒಂದು ಸಾಲು. ನಮ್ಮದು ಉದ್ದ. ಮಧ್ಯಾಹ್ನ ಒಳಗಿನ ಡಾಕ್ಟರೇ ಹೊರಗ ಬಂದ್ರು. ಜಗಳಕ್ಕ ಬಂದಾರ ಅಂತ ನಾ ಎದ್ದು ನಿಂತೆ. ಅವರು ಸಾಲಿನ ಕಡೀಕ ಕುಂತ್ರು. ಪಾಳಿ ಬಂದ ಕೂಡ್ಲೇ, ಚೀಟಿ ಬರದು ಬರದು ಕುತ್ತಿಗಿ ಹಿಡದದ, ಮನ್ಯಾಗ ಹೇಳಿದ್ರ ಯಾರೂ ನಂಬವಲ್ರು ಅಂತ ಶುರು ಮಾಡಿ ಅರ್ಧ ತಾಸು ಹೇಳಿದ್ರು. ಮುಖ ಹಗುರಾಗಿ ಏಳಾಕತ್ತಿದ್ರು.

"ಸೂಜಿ ಬೇಕೇನ್ರಿ ಸರ?" ಅಂತ ಕೇಳಿದೆ.

೨. ಕಾದಂಬರಿಯಾಕಿಗೆ ರೊಟ್ಟಿ

ಮಾನ್ವಿಯಾಗ ಹೆಣಮಕ್ಕಳ ವಾರ್ಡಿಗೆ ಹೋದ್ವಿ. ಮೇಡಮ್ಮೋರು ಒಂದು ಫ್ರೆಂಚ್ ಕಾದಂಬರಿ ತಂದಿದ್ರು. ಅದ್ರಾಗ ಒಬ್ಬಾಕಿ ಹಾಸಿಗಿ ಹಿಡದು ಕಿಟಕಿ ನೋಡಕೋತ ಮಲಗಿರತಾಳ, ಪುಟಗಟ್ಟಲೇ ಮಲಗೇ ಇರತಾಳ. ಮೇಡಮ್ಮೋರು ಕನ್ನಡ ಮಾಡಿ ಓದಿದ್ರು, ನಾ ಅದನ್ನ ನಮ್ಮ ಕನ್ನಡ ಮಾಡಿ ಹೇಳಿದೆ. ಅಕಿ ಒಂಟಿತನದ ಬಗ್ಗೆ ನಿಮಗೇನು ಅನ್ನಿಸ್ತು ಅಂತ ಕೇಳಬೇಕಂತ ಇತ್ತು. ಅದಕ್ಕ ಮೊದಲೇ ವಾರ್ಡೇ ವಿಚಾರಣಿ ಶುರು ಮಾಡ್ತು. ಅಕಿ ಅತ್ತಿ ಎಲ್ಲಿ ಹೋಗಿದ್ಲು? ತವರು ಮನಿಯೋರು ಬಂದಿದ್ರಿಲ್ಲೋ? ಬುತ್ತಿ ಯಾರು ತರತಿದ್ರು?

ಯಾರೂ ಬಂದಿಲ್ಲ, ಒಬ್ಬಾಕೇ ಇದ್ಲು ಅಂತ ಹೇಳಿದೆ.

ಮೂಲಿ ಕಾಟಿನ ಮ್ಯಾಲೆ ಕವಿತಾಳದಾಕಿ ಒಬ್ಬಾಕಿ ಮುದುಕಿ ಇದ್ಲು. "ಅಕಿಗೆ ಬ್ಯಾನಿ ಇಲ್ಲ ಬೇ," ಅಂದ್ಲು. "ಮಾತಾಡ್ಸೋರು ಇಲ್ಲ, ಅಷ್ಟ."

ಮೇಡಮ್ಮೋರ ಪೆನ್ನು ನಿಂತುಬಿಡ್ತು. ಹೊರಗ ಬಂದ ಮ್ಯಾಲೆ, ಇದೇ ಮಾತು ಹೇಳೋಕೆ ನಾನು ಒಂದು ಅಧ್ಯಾಯ ಬರೆದಿದ್ದೀನಲ್ಲಪ್ಪಾ ಅಂತ ಸಪ್ಪಗಾದ್ರು. ಅಷ್ಟರಾಗ ಆ ಮುದುಕಿ ಮಗಳು ಹಿಂದಿಂದ ಓಡಿ ಬಂದು ಒಂದು ಗಂಟು ಕೈಯಾಗ ಇಟ್ಲು. ಫ್ರಾನ್ಸಿನಾಕಿಗೆ ಕಳಸಬೇಕಂತ. ಕಟಕ ರೊಟ್ಟಿ ಅದಾವ, ಎಷ್ಟು ದೂರ ಹೋದ್ರೂ ಕೆಡಂಗಿಲ್ಲ, ಶೇಂಗಾ ಚಟ್ನಿನೂ ಇಟ್ಟೀನಿ ಅಂದ್ಲು.

ಅವು ಮಾನ್ವಿ ದಾಟಲಿಲ್ಲ. ಖರೇ ಹೇಳಬೇಕಂದ್ರ ಹೆಚ್ಚಿಗಿ ತಿಂದದ್ದು ಮೇಡಮ್ಮೋರು. ಅಕಿ ಬಗ್ಗೆ ಓದಿದ್ದು ಅವರೇ ಅಲ್ಲೇನು, ಹಕ್ಕು ಅವರದ.

೩. ನಿಂತು ಉಣ್ಣೋ ಹರಕಿ

ಕಡೀ ರೋಗಿ ರಾಯಚೂರಿನಾಗ ಸಿಕ್ಕ. ಗುಂಜಹಳ್ಳಿ ಕಡಿ ಮುದುಕ. ಮೂಲವ್ಯಾಧಿ ಆಪರೇಷನ್ ಆಗಿ ಕಾಟಿನ ಮ್ಯಾಲೆ ರಾಜನಂಗ ಕುಂತಿದ್ದ. ಅವನ ಕಥಿ ಕೇಳ್ರಿ.

ಭಾಳ ವರ್ಷದ ಹಿಂದ ಒಂದಿನ ಉಣ್ಣಾಕ ಕುಂತಾನ, ಕುಂದ್ರಾಕ ಆಗಿಲ್ಲ. ಎದ್ದು ನಿಂತು ಉಂಡಾನ. ಹೆಂಡತಿ ಯಾಕ ಅಂತ ಕೇಳ್ಯಾಳ. ನಾಚಿಕಿ ಬಂದು, ದೇವರಿಗೆ ಹರಕಿ ಹೊತ್ತೀನಿ, ಇನ್ನ ಮ್ಯಾಲೆ ನಿಂತೇ ಉಣ್ಣತೀನಿ ಅಂದುಬಿಟ್ಟಾನ. ಸಂಜೀಗೆ ಊರಿಗೆಲ್ಲ ಗೊತ್ತಾತು. ಮಂದಿ ಕಾಲು ಬೀಳಾಕತ್ರು. ಬಸ್ಸಿನಾಗ ಸೀಟು ಬಿಟ್ಟುಕೊಟ್ಟು ನಿಂತ್ರ ಎಂಥ ದೊಡ್ಡ ಮನಸು ಅಂದ್ರು. ಮದುವಿ ಮನ್ಯಾಗ ಮೊದಲ ಅಕ್ಕಿಕಾಳು ಇವನೇ ಹಾಕಬೇಕು. ಇನ್ನ ಯಾವ ಬಾಯಿಲೆ ದವಾಖಾನಿಗೆ ಹೋಗತಾನ? ಕಡೀಕ ಸೊಸಿ ಧೋತರ ಒಗಿಯಾಕ ಹೋಗಿ ರಕ್ತ ನೋಡಿ, ಯಾರ ಮಾತೂ ಕೇಳದ ಆಟೋದಾಗ ಹಾಕ್ಕೊಂಡು ಬಂದಾಳ.

"ಈಗ ಆರಾಮ ಕುಂದ್ರತೀನವ್ವಾ," ಅಂದ ಮುದುಕ. "ಆದ್ರ ಕಾಲು ಬೀಳೋರು ಒಬ್ಬರೂ ಇಲ್ಲ."

ಇದಕ್ಕೇ ನಾನು ಇಷ್ಟು ದೂರ ಬಂದಿದ್ದು ಅಂತ ಮೇಡಮ್ಮೋರು ಕುಣಿದಾಡಿಬಿಟ್ರು. ಆದ್ರ ರೋಗಿಗಳ ಹೆಸರು ಬರಿಯಂಗಿಲ್ಲ, ಬ್ಯಾರೆ ಹೆಸರು ಹಾಕಬೇಕು, ಅದು ಅವರ ನಿಯಮ. ಮುದುಕಗ ಅದು ಸೇರಲಿಲ್ಲ. ನೋವು ತಿಂದಾಂವ ನಾನು, ಹೆಸರು ಮಾತ್ರ ಯಾರದೋ ಏನು ಅಂತ ಸಿಟ್ಟಾದ. ಹೆಂಗೋ ಒಪ್ಪಿಸಿದ್ವಿ. ಶುದ್ಧಪ್ರತಿ ಬರಿಯೋ ಕೆಲಸ ನಂದು. ಯಾವ ಹೆಸರು ಹಾಕ್ಲಿ ಅಂತ ಮೇಡಮ್ಮೋರನ್ನ ಕೇಳಿದೆ. ಯಾವುದಾದ್ರೂ ಹಾಕಪ್ಪಾ, ನಿನಗೆ ತೋಚಿದ್ದು ಅಂದ್ರು.

ನನಗ ಅವ್ವ ಶಾಲಿ ಗೇಟಿನ ಮುಂದ ಕೈ ಮುಗದು ನಿಂತದ್ದು ನೆನಪಾತು. ಮೇಡಮ್ಮೋರಿಗೆ ಹೆಡ್ ಮಾಸ್ತರ ಹೆಸರು ಗೊತ್ತಿದ್ದಿಲ್ಲ, ಅದನ್ನೇ ಬರದೆ. ಇನಿಷಿಯಲ್ ಸಮೇತ.

೪. ಬದಲಾಯಿಸಿದ ಹೆಸರು

ಊರಾಗಿನ ಒಂದು ಕಾಲೇಜಿನಾಗ ಮೇಡಮ್ಮೋರು ಪ್ರಬಂಧ ಓದೋದಿತ್ತು. ಡಾಕ್ಟರು, ನರ್ಸುಗಳು, ಲೆಕ್ಚರರು, ಸಭಾ ತುಂಬಿತ್ತು. ಮೇಡಮ್ಮೋರು ನನ್ನ ಬಾಜೂಕ ಕರದು ಖುಷಿಲೆ ಹೇಳಿದ್ರು, ನಿಮ್ಮ ಹೆಡ್ ಮಾಸ್ತರನ್ನೂ ಕರೆದಿದ್ದೀನಿ, ಮುಗಿದ ಮೇಲೆ ಸಹಿ ಕೇಳೋಣ, ಫಾರ್ಮ್ ತಂದಿದ್ದೀಯಾ ಅಂತ. ಇವತ್ತು ಯಾವ ರೋಗಿದು ಓದತೀರಿ ಅಂದೆ.

"ನಿಂತು ಊಟ ಮಾಡ್ತಿದ್ದವರದ್ದು."

ಹೋಗಿ ಮೈಕಿನ ವೈರು ಕಿತ್ತೆ. ಮೇಡಮ್ಮೋರು ಪಾಠ ಮಾಡಿದ ಗಂಟಲಿನೋರು, ಮೈಕ್ ಇಲ್ದನೇ ಇನ್ನೂ ಜೋರಾಗಿ ಓದಿದ್ರು. ಮೊದಲು ಫ್ರಾನ್ಸಿನ ವಿಚಾರ. ಆಮ್ಯಾಲೆ, ಇದು ನಿಜವಾದ ಕಥೆ, ಹೆಸರು ಮಾತ್ರ ಬದಲಾಯಿಸಿದೆ ಅಂತ ಹೇಳಿ ಹೆಸರು ಓದಿದ್ರು.

ಹೆಡ್ ಮಾಸ್ತರ ಜೋಡಿ ಬಂದಿದ್ದ ನಮ್ಮ ಶಾಲಿಯ ಮೂರು ಮಾಸ್ತರು ಒಂದೇ ಸಲಕ್ಕ ಹಿಂದ ತಿರುಗಿದ್ರು. ಮುಂದಿನ ಸಾಲಿನಾಗ ಹೆಡ್ ಮಾಸ್ತರಿಗೆ ಅಂತ ಇಟ್ಟ ಖುರ್ಚಿ ಖಾಲಿ ಇತ್ತು. ಅವರು ಹಿಂದ, ಗ್ವಾಡಿಗೆ ಆನಿಕೊಂಡು ನಿಂತಿದ್ರು. ಮೂಲವ್ಯಾಧಿ ಬಂದಾಗ ಸಭಾ ಮುಸಿಮುಸಿ ನಕ್ಕಿತು, ಹರಕಿ ಬಂದಾಗ ಬಿದ್ದು ಬಿದ್ದು ನಕ್ಕಿತು. ಹೆಡ್ ಮಾಸ್ತರ ಅಂಗಿ ಬೆವರಿಗೆ ಮೈಗೆ ಅಂಟಿತ್ತು.

ಮುಗಿದ ಕೂಡ್ಲೇ ನನ್ನ ರಟ್ಟಿ ಹಿಡದು ವರಾಂಡಾಕ್ಕ ಎಳಕೊಂಡು ಹೋದ್ರು. ಫಾರ್ಮ್ ಹೋತು, ಕುರಿ ಬಂದ್ವು ಅಂತ ನಾ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಅವರು ಸಣ್ಣ ದನಿಲೆ ಕೇಳಿದ್ರು.

"ಹೆಸರು ನಂದೇ, ರೋಗನೂ ನಂದೇ. ಬದಲಾಯಿಸಿದ್ದು ಏನಲೇ? ನಮ್ಮ ಮನ್ಯಾಗೂ ಗೊತ್ತಿಲ್ಲ. ನಿನಗ ಯಾರು ಹೇಳಿದ್ರು?"

ನನಗ ಏನೂ ತಿಳಿಲಿಲ್ಲ. ಹೆದರಿಕಿಗೆ ಖರೇನೇ ಹೇಳಿಬಿಟ್ಟೆ. "ಸಿಟ್ಟಿಗೆ ಹೆಸರಷ್ಟ ನಿಮ್ಮದು ಹಾಕೀನ್ರಿ ಸರ. ರೋಗ ಬ್ಯಾರೆ ಮುದುಕಂದು."

ತಾವು ಏನು ಹೇಳಿಬಿಟ್ವಿ ಅನ್ನೋದು ಹೆಡ್ ಮಾಸ್ತರ ಮುಖದ ಮ್ಯಾಲೆ ನಿಧಾನಕ ಇಳೀತು. ನನಗೂ ಅದೇ ಹೊತ್ತಿಗೆ ಬೆಳಕಾತು. ಇಷ್ಟು ವರ್ಷ ಆ ಶಾಲ್ಯಾಗ ಇದ್ದೆ, ಅವರು ಕುಂತದ್ದು ಒಮ್ಮೀನೂ ನೋಡಿಲ್ಲ. ನಾವೆಲ್ಲ ಅದನ್ನ ಶಿಸ್ತು ಅಂತ ತಿಳಕೊಂಡಿದ್ವಿ.

"ಫಾರ್ಮ್ ತಂದೀಯೇನು?" ಅಂದ್ರು.

ಕೊಟ್ಟೆ. ಗ್ವಾಡಿಗೆ ಇಟ್ಟು ನಿಂತಲ್ಲೇ ಸಹಿ ಹಾಕಿದ್ರು. ಫಾರ್ಮ್ ಕೈಯಾಗ ಇಡಕೋತ, ಆ ಮುದುಕನ್ನ ಕುಂದ್ರಿಸಿದ ಡಾಕ್ಟರು ಯಾರು ಅಂತ ಅತ್ತಾಗ ನೋಡಿಕೋತ ಕೇಳಿದ್ರು. ಹೇಳಿದೆ. ಆಮಂತ್ರಣ ಪತ್ರಿಕಿ ಹಿಂದ ಬರಕೊಂಡು ಸರಸರ ಹೋದ್ರು.

ಮೇಡಮ್ಮೋರು ಹೆಡ್ ಮಾಸ್ತರನ್ನ ಹೆಂಗ ಒಪ್ಪಿಸಬೇಕು ಅಂತ ಮಾತು ಜೋಡಿಸಿಕೊಂಡು ಬಂದ್ರು. ಬಂದು ನೋಡಿದ್ರ ಸಹಿ ಆಗೇದ. ಅವರ ಕಣ್ಣಾಗ ನೀರೇ ಬಂತು. "ನೋಡಿದ್ಯಾ, ನನ್ನ ಪ್ರಬಂಧ ಅವರ ಮನಸ್ಸು ಮುಟ್ಟಿಬಿಟ್ಟಿದೆ," ಅಂದ್ರು.

ಮನಸಿಗಿಂತ ಇನ್ನೂ ಸ್ವಲ್ಪ ಕೆಳಗ ಮುಟ್ಟೇದ್ರಿ ಅನ್ನೋದು ನಾಲಿಗಿ ತುದೀ ತನಕ ಬಂದಿತ್ತು. ಆದ್ರ ಸಹಿ ಇನ್ನೂ ಹಸೀನೇ ಇತ್ತು, ಹೆಡ್ ಮಾಸ್ತರು ಇನ್ನೂ ಗೇಟು ದಾಟಿದ್ದಿಲ್ಲ. ಹುಟ್ಟಿದಾಗಿಂದ ಮೊದಲನೇ ಸಲ ನಾ ಸುಮ್ನಿದ್ದೆ.