ಕೃಷ್ಣರಾಜ ಭಟ್ಟರ ಹಂಗಾಮಿ ನೆಟ್ಟು

ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ಮನೆ ಬಾಗಿಲಿಗೆ ಬಂದ ಭಾಗ್ಯವನ್ನು ಕೃಷ್ಣರಾಜ ಭಟ್ಟರು ಮೆಟ್ಟಿಲಿಳಿಸಿ ಕಳಿಸಿದರು. ಭಾಗ್ಯದ ಹೆಸರು ರೂಬನ್. ಹೆಗಲಲ್ಲಿ ಕೇಬಲ್ಲಿನ ಸುರುಳಿ, ಕೈಯಲ್ಲಿ ಡ್ರಿಲ್ಲು. ಮಂಗಳೂರು ಪಂಪ್‌ವೆಲ್ಲಿನ ಭಟ್ಟರ ಹೊಸ ಫ್ಲ್ಯಾಟಿಗೆ ಬ್ರಾಡ್‌ಬ್ಯಾಂಡ್ ಹಾಕಲು ಬಂದವನು.

"ಈಗ ರಾಹುಕಾಲ. ನಾಲ್ಕೂವರೆ ಕಳೆದು ಬಾ ಮಾರಾಯ."

"ನಾಲ್ಕೂವರೆಗೆ ನಾನು ಸುರತ್ಕಲ್‌ನಲ್ಲಿ ಇರ್ಬೇಕು ಭಟ್ರೆ. ಗೋಡೆಗೆ ಒಂದು ತೂತು, ಅಷ್ಟೇ. ಹತ್ತು ನಿಮಿಷ."

"ಹೊಸ ಮನೆಯ ಗೋಡೆಗೆ ರಾಹುಕಾಲದಲ್ಲಿ ತೂತಾ? ಶಾಂತಂ ಪಾಪಂ!"

ರೂಬನ್ ಮೊಬೈಲಿನಲ್ಲಿ ಏನೋ ಒತ್ತಿ ನಡೆದ. ಸಂಜೆ ಭಟ್ಟರ ಗುಂಡಿ ಒತ್ತುವ ಫೋನಿಗೆ ಕಂಪನಿಯ ಸಂದೇಶ ಬಂತು. ಗ್ರಾಹಕರು ಬೇಡವೆಂದಿದ್ದಾರೆ, ಮುಂದಿನ ಸರದಿ ಹತ್ತು ದಿನಗಳ ಬಳಿಕ.

ಹತ್ತು ದಿನ ಕಾಯುವ ಹಾಗಿರಲಿಲ್ಲ. ಬರುವ ಭಾನುವಾರ ಬೆಳಿಗ್ಗೆ ನಮ್ಮ ಹತ್ತು ಗಂಟೆಗೆ ಮಸ್ಕತ್ತಿನಲ್ಲಿ ನೆಲೆಸಿದ ಊರಿನ ಮುಖೇಶನ ಮನೆಯ ಸತ್ಯನಾರಾಯಣ ಪೂಜೆ. ಪೂಜೆಗೆ ಕೂರುವ ಮುಖೇಶ ಮತ್ತು ಅವನ ಹೆಂಡತಿ ಅಶ್ಮಿತಾ ಅಲ್ಲಿ, ಮಾಡಿಸುವ ಭಟ್ಟರು ಇಲ್ಲಿ. ನಡುವೆ ಅರಬ್ಬೀ ಸಮುದ್ರ, ಅದನ್ನು ದಾಟಿಸಲು ಇಂಟರ್‌ನೆಟ್ಟು. ಮೂವತ್ತು ವರ್ಷದ ಪೌರೋಹಿತ್ಯದಲ್ಲಿ ಇದು ಭಟ್ಟರ ಮೊದಲ ಸಮುದ್ರೋಲ್ಲಂಘನ. ಕಂಡ ಕಂಡವರಿಗೆಲ್ಲ ಹೇಳಿಯಾಗಿತ್ತು. (ಕಾಣದವರಿಗೆ ಫೋನು ಮಾಡಿ ಹೇಳಿಯಾಗಿತ್ತು.) ಇದೊಂದು ಕೆಟ್ಟರೆ ಗಲ್ಫಿನ ಬಾಗಿಲು ಮುಚ್ಚುತ್ತದೆ, ಊರವರ ಬಾಯಿ ತೆರೆಯುತ್ತದೆ.

ತಂಗಿಯ ಮನೆಗೆ ಹೋಗಿದ್ದ ಪಂಕಜಾಕ್ಷಿಯಮ್ಮ ಬಂದವರೇ ಗಂಡನನ್ನು ಕೇಳಿದರು.

"ನೆಟ್ಟಿನವನು ಬಂದಿದ್ದನಾ?"

"ಬಂದಿದ್ದ."

"ಮತ್ತೆ ನೆಟ್ಟು ಎಲ್ಲಿ ಉಂಟು?"

ಭಟ್ಟರು ತೊದಲುತ್ತಾ ಒಪ್ಪಿಸಿದರು. ಪಂಕಜಾಕ್ಷಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. (ಈ ಮನೆಯಲ್ಲಿ ಅದು ಯುದ್ಧದ ಶಂಖಕ್ಕೆ ಸಮ.)

"ತೂತು ಗೋಡೆಗಲ್ವಾ ಮಾರಾಯ್ರೆ, ನಿಮ್ಮ ತಲೆಗಲ್ವಲ್ಲ! ಊರಿಗೆಲ್ಲ ಮುಹೂರ್ತ ಇಡುವವರು ನಿಮ್ಮ ಪೂಜೆಗೇ ಗ್ರಹಣ ಹಿಡಿಸಿದ್ರಲ್ಲ!"

ಈ ಗದ್ದಲ ಕೇಳಿ ಎದುರು ಫ್ಲ್ಯಾಟಿನ ಗ್ಲ್ಯಾಡಿಸ್ ಬಾಯಮ್ಮ ಇಣುಕಿ, ಅಷ್ಟು ದಿನದ ಮಟ್ಟಿಗೆ ಹಂಪನಕಟ್ಟೆಯಲ್ಲಿ ಬಾಡಿಗೆ ವೈಫೈ ಸಿಗುತ್ತದೆಂದು ದಾರಿ ತೋರಿಸಿದರು.

ಮರುದಿನ ಭಟ್ಟರು ಹಂಪನಕಟ್ಟೆಯ ಆ ಅಂಗಡಿಯಲ್ಲಿ ಹಾಜರು. ಅಂಗಡಿಯ ಸುಜಿತ್ ಕೇಳಿದ, "ಡಾಂಗಲ್ ಬೇಕಾ, ಹಾಟ್‌ಸ್ಪಾಟ್ ಬೇಕಾ, ಸಿಮ್ ಹಾಕುವ ರೌಟರ್ ಬೇಕಾ?"

ಭಟ್ಟರು ಕಣ್ಣು ಪಿಳಿಪಿಳಿ ಬಿಟ್ಟರು. ನಾಲ್ಕು ವೇದ ಕಲಿಯುವಾಗಲೂ ಇಷ್ಟು ಗಲಿಬಿಲಿ ಆದದ್ದಿಲ್ಲ.

"ಸತ್ಯನಾರಾಯಣ ಪೂಜೆಗೆ ಯಾವುದಾಗ್ತದೆ?"

"ಎಷ್ಟು ಜಿಬಿ ಬೇಕಾದೀತು ಭಟ್ರೆ?"

"ಕಥೆ ಐದು ಅಧ್ಯಾಯ ಉಂಟು."

ಸುಜಿತ್ ತಲೆ ಕೆರೆದುಕೊಂಡ. "ಹಾಗಾದ್ರೆ ಐವತ್ತು ಸಾಕು."

"ಅಧ್ಯಾಯಕ್ಕೆ ಹತ್ತಾ?"

"ಹಾಗೇ ಇಟ್ಕೊಳ್ಳಿ. ವ್ಯಾಲಿಡಿಟಿ?"

"ಯಾರದ್ದು?"

ಸುಜಿತ್ ಕಪಾಟಿಗೆ ಕೈ ಹಾಕಿದ. ಸಾಬೂನಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಕೈಗಿತ್ತು, "ಎಲ್ಲ ಹಾಕಿದ್ದೇನೆ. ಗಾಳಿ ಬೆಳಕು ಇರುವಲ್ಲಿ ಇಡಿ," ಎಂದು ಕೈಮುಗಿದ.

ಶನಿವಾರ ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು, ಮಗಳು ಸಿಂಧು ಬಿಟ್ಟುಹೋಗಿದ್ದ ಲ್ಯಾಪ್‌ಟಾಪು ತೆರೆದರೆ ಮಸ್ಕತ್ತಿನ ಮುಖೇಶನ ಮುಖ ಹಲಸಿನ ಹಣ್ಣಿನಷ್ಟು ದೊಡ್ಡದಾಗಿ ಮೂಡಿತು. ಮೀಸೆಯ ಕೂದಲು ಕೂಡ ಎಣಿಸಬಹುದು. "ಕಂಡೆಯಾ?" ಎಂದು ಭಟ್ಟರು ಹೆಂಡತಿಯತ್ತ ಹುಬ್ಬು ಹಾರಿಸಿದರು.

ಭಾನುವಾರ ಮಿಂದು ಮಡಿಯುಟ್ಟು ದೇವರ ಮುಂದೆ ಕೂತ ಭಟ್ಟರಿಗೆ ಒಂದು ಕೊರತೆ ಕಂಡಿತು. ಮಗಳ ಪರೀಕ್ಷೆಯ ಹಾಲ್ ಟಿಕೆಟ್ಟಿನಿಂದ ಹಿಡಿದು ಹೊಸ ಫ್ಲ್ಯಾಟಿನ ಬೀಗದ ಕೈವರೆಗೆ ಈ ಮನೆಯ ಯಾವ ಮುಖ್ಯ ವಸ್ತುವೂ ದೇವರ ಮಂಟಪದಲ್ಲಿ ಕೂರದೆ ಕೆಲಸಕ್ಕೆ ಹೊರಟದ್ದಿಲ್ಲ. ಸಮುದ್ರ ದಾಟುವ ಪೆಟ್ಟಿಗೆ ಮಾತ್ರ ಕಿಟಕಿಯಲ್ಲಿ ಕಾಗೆಯ ಹಾಗೆ ಕೂತಿರುವುದೇ? ತಂದು ಮಂಟಪದಲ್ಲಿಟ್ಟರು, ಹೂ ಏರಿಸಿದರು. ಯಾರೂ ಮುಟ್ಟದಿರಲೆಂದು ಅಜ್ಜನ ಕಾಲದ ದಪ್ಪ ಹಿತ್ತಾಳೆಯ ಬಾಗಿಲುಗಳನ್ನು ಒತ್ತಿ ಮುಚ್ಚಿ, ಮುಖೇಶ, ಅಶ್ಮಿತಾ ಆಗಲೇ ಮೂಡಿದ್ದ ಲ್ಯಾಪ್‌ಟಾಪಿನತ್ತ ತಿರುಗಿ ಕಣ್ಣು ಮುಚ್ಚಿ ಸಂಕಲ್ಪ ಹೇಳಿದರು.

ಆಮೇಲಿನದು ಅಮೋಘ. ಕಲಶಪೂಜೆ, ಅಷ್ಟೋತ್ತರ, ಐದು ಅಧ್ಯಾಯ. ಅಂಥ ಕಂಠ ಭಟ್ಟರಿಗೆ ಮದುವೆಯ ಕಾಲದಲ್ಲೂ ಇರಲಿಲ್ಲ. ನಡುವೆ ಎರಡು ಸಲ ಹೆಂಡತಿ "ಇಲ್ಲಿ ಕೇಳಿ, ಇಲ್ಲಿ ಕೇಳಿ," ಎಂದದ್ದು ಕಿವಿಗೆ ಬಿದ್ದರೂ, ಮಂತ್ರದ ಮಧ್ಯೆ ಮಾತಾಡಬೇಡವೆಂದು ಕೈಯಾಡಿಸಿದರು.

ಮುಗಿಸಿ ಕಣ್ಣು ತೆರೆದರೆ ಪರದೆಯಲ್ಲಿ ಮುಖೇಶನೂ ಇಲ್ಲ, ಅಶ್ಮಿತಾಳೂ ಇಲ್ಲ. ಸಣ್ಣದೊಂದು ಚಕ್ರ ಸುತ್ತುತ್ತಾ ಉಂಟು. ಸುದರ್ಶನವೋ ಎಂದುಕೊಂಡರು ಭಟ್ಟರು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು.

"ಹ್ಞಾ, ಧೂಪ ದೀಪ ಆಯ್ತಾ? ಈಗ ಸಪಾದ ಭಕ್ಷ್ಯ, ಆ ರವೆಯ ಸಜ್ಜಿಗೆ, ನೈವೇದ್ಯ ಮಾಡಿ ಮಗಾ. ತುಪ್ಪಕ್ಕೆ ಕೈ ಹಿಡಿಯಬೇಡಿ. ಮೂರು ಪ್ರದಕ್ಷಿಣೆ ಬಂದು ಅಡ್ಡಬೀಳಿ."

"ಯಾರ ಹತ್ರ ಮಾತಾಡ್ತಾ ಇದ್ದೀ?" ಭಟ್ಟರು ಎದ್ದು ಓಡಿದರು.

"ಅಶ್ಮಿತಾ. ಸಂಕಲ್ಪಕ್ಕೇ ನೀವು ಪರದೆಯಲ್ಲಿ ಕಲ್ಲಾದ್ರಂತೆ. ದನಿಯೂ ಇಲ್ಲ, ಅಲುಗಾಟವೂ ಇಲ್ಲ. ಹೆದರಿ ನನಗೆ ಫೋನು ಮಾಡಿದ್ಳು. ಎರಡು ಸಲ ಕರೆದೆ, ನೊಣ ಓಡಿಸಿದ ಹಾಗೆ ಓಡಿಸಿದ್ರಿ. ಮುಹೂರ್ತ ಮೀರ್ತದಲ್ಲ, ನಾನೇ ಹೇಳಿಕೊಟ್ಟೆ. ಮೂವತ್ತು ವರ್ಷ ಕೇಳಿ ಕೇಳಿ ನನಗೆಂತ ಬಾರದ್ದುಂಟು? ಎಲ್ಲಿ ಆ ಪೆಟ್ಟಿಗೆ?"

ಭಟ್ಟರು ಮಂಟಪ ತೋರಿಸಿದರು.

"ದೇವರೇ! ಹಿತ್ತಾಳೆ ಬಾಗಿಲು ಹಾಕಿ ಜೈಲಿಗೆ ಕಳಿಸಿದ್ದಾ? ಗಾಳಿಯಲ್ಲಿ ಬರುವ ನೆಟ್ಟು ಇದರೊಳಗೆ ನುಗ್ಗುವುದು ಹೇಗೆ?"

ಅವರು ಬಾಗಿಲೆಳೆದು ಪೆಟ್ಟಿಗೆ ಹೊರತೆಗೆದದ್ದೇ ಲ್ಯಾಪ್‌ಟಾಪಿನ ಚಕ್ರ ನಿಂತಿತು. ಮುಖೇಶ ಪ್ರತ್ಯಕ್ಷನಾದ, ಬಾಯ್ತುಂಬ ಪ್ರಸಾದ. ಭಟ್ಟರು ಧಾವಿಸಿ ಎದುರು ನಿಂತರು. ಮುಖೇಶ ಅವರನ್ನು ದಾಟಿ ಹಿಂದೆ ನೋಡಿದ.

"ಅಮ್ಮಾ, ಎಷ್ಟು ಚೆಂದ ಮಾಡಿಸಿದ್ರಿ! ಮೊದಲ ಸಲ ಎಲ್ಲ ಅರ್ಥ ಆಯ್ತು. ಮುಂದಿನ ತಿಂಗಳು ಮಗಳು ಮೋಕ್ಷಾಳ ಅಕ್ಷರಾಭ್ಯಾಸ ಉಂಟು, ಅದಕ್ಕೂ ನೀವೇ ಫೋನಿನಲ್ಲಿ ಹೇಳಿದ್ರೆ ಸಾಕು."

"ಹಾಗಾದ್ರೆ ನಾನು?" ಎಂದರು ಭಟ್ಟರು.

"ನಿಮಗೆ ಈ ನೆಟ್ಟಿನ ಉಪದ್ರ ಯಾಕೆ ಭಟ್ರೆ? ನೀವು ಕಲ್ಲಾಗಿ ಕೂತದ್ದರ ಫೋಟೋ ತೆಗೆದಿಟ್ಟಿದ್ದೇವೆ. ಪೂಜೆ ಆಗುವವರೆಗೆ ಅದನ್ನೇ ಎದುರಿಗೆ ಇಡ್ತೇವೆ."

ಫೋಟೋದಲ್ಲಿ ಭಟ್ಟರ ಬಾಯಿ ತೆರೆದಿತ್ತಂತೆ. ಈಗಲೂ ಹಾಗೇ ಇತ್ತು.